ಚಪ್ಪಟೆ ಇದ್ದದ್ದೆಲ್ಲ ಪಾಪ್ಲೆಟ್ ಅಲ್ಲ

ಹೋದ ವರ್ಷ ಜೂನ್ ತಿಂಗಳಲ್ಲಿ ಬೈಲಹೊಂಗಲದ ಮಾಸ್ತರರೊಬ್ಬರು ಫೋನ್ ಮಾಡಿದ್ದರು. ಐದು ವರ್ಷದಿಂದ ನನ್ನ ಹೊಲದ ಅರಿಷಿಣ ಪುಡಿ, ಬೆಲ್ಲ, ಕಾಯಿಪಲ್ಲೆ ತಗೊಳ್ಳುವ ಗಿರಾಕಿ ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ನಿನ್ನೆ ಸಂತ್ಯಾಗ ಪಾಪ್ಲೆಟ್ ಅಂತ ತಂದೀನ್ರಿ. ನಮ್ಮ ಸೊಸಿ ನೋಡಿ ನಗಾಕತ್ತಾಳ. ಮಾರಾವನ್ನ ಕೇಳಿದ್ರ ನಿಮ್ಮ ಹೊಂಡದ ಮೀನ ಅಂದ. ಖರೇನ?"

ಖರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರ ಅರಿಷಿಣಾನೂ ಹಿಂಗ ಏನ್ರಿ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀನಿಗೆ ಪಾಪ್ಲೆಟ್ ಅಂತ ಹೆಸರಿಟ್ಟವನು ನಾನಲ್ಲ, ಒಯ್ದು ಮಾರಿದ ವ್ಯಾಪಾರಿ. ಆದರೆ ಅವನು ಯಾವ ಹೆಸರಿನಲ್ಲಿ ಮಾರುತ್ತಾನೆ ಅನ್ನೋದು ನನಗೆ ಗೊತ್ತಿತ್ತು. ಹೊಂಡದ ದಂಡೆಯಲ್ಲಿ ತೂಕ ಮಾಡುವಾಗ ನಗುತ್ತ ಹೇಳಿದ್ದ, "ರೂಪಚಂದ ಅಂದ್ರ ಯಾರೂ ನಿಂತ ನೋಡಂಗಿಲ್ರಿ ಅಣ್ಣಾರ, ಪಾಪ್ಲೆಟ್ ಅಂದ್ರ ನಿಂತ ಜಾಗಾದಾಗ ಖಾಲಿ." ನಾನೂ ನಕ್ಕು ರೊಕ್ಕ ಎಣಿಸಿಕೊಂಡಿದ್ದೆ. ಇದೇ ನಾನು, ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಬೆಲ್ಲಕ್ಕೆ ಯಾರಾದರೂ 'ಸಾವಯವ' ಚೀಟಿ ಅಂಟಿಸಿದರೆ ಊರೆಲ್ಲ ಕೇಳುವ ಹಂಗ ಒದರಾಡುವವನು.

ಅದಕ್ಕೇ ಈ ವಾರ ಬೆಳೆ, ರೋಗ, ಕಷಾಯ ಎಲ್ಲ ಬಿಟ್ಟು ಮೀನಿನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ, ಕೃಷಿಹೊಂಡ ತೋಡಿಸಿದವರು ಬಹಳ ಮಂದಿ ಇದ್ದಾರೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಎರೆಹೊಲದಲ್ಲೂ ಮಸಾರಿಯಲ್ಲೂ ಕಾಣಿಸತೊಡಗಿತು. ನೀರು ನಿಂತ ಮೇಲೆ ಅದರಲ್ಲಿ ನಾಲ್ಕು ಮೀನು ಬಿಡೋಣ ಅನ್ನೋ ಆಸೆ ಹುಟ್ಟೋದು ಸಹಜ. ಆಸೆ ತಪ್ಪಲ್ಲ. ಏನು ಬಿಟ್ಟಿದ್ದೇವೆ, ಏನಂತ ಮಾರುತ್ತಿದ್ದೇವೆ ಅನ್ನೋದು ಗೊತ್ತಿಲ್ಲದಿರೋದು, ಗೊತ್ತಿದ್ದೂ ಸುಮ್ಮನಿರೋದು ತಪ್ಪು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮೀನು ಕೊಯ್ಯುವ ಚಾಕು ಮನೆ ಹೊಸ್ತಿಲು ದಾಟಬಾರದು ಅಂತ ಅವ್ವನ ಕಟ್ಟುನಿಟ್ಟು. ಅದು ಪಂಪಿನ ಮನೆಯಲ್ಲೇ ಇರುತ್ತದೆ. ಅರಭಾವಿಯಲ್ಲಿ ನಾನು ಓದಿದ್ದು ತೋಟಗಾರಿಕೆ. ಪೇರಲದ ತಳಿಯನ್ನು ಎಲೆ ನೋಡಿ ಹೇಳಬಲ್ಲೆ, ಆದರೆ ಎರಡು ಮೀನು ಮುಂದಿಟ್ಟರೆ ನನಗೆ ಎರಡೂ ಮೀನೇ. ನಮ್ಮ ಭಾಗದ ಹೆಚ್ಚಿನ ಹೊಂಡದ ರೈತರ ಕಥೆ ಇದೇ ಇರಬೇಕು. ತಿನ್ನುವವರಿಗೆ ಗೊತ್ತಿರುವಷ್ಟು ಬೆಳೆಯುವವರಿಗೆ ಗೊತ್ತಿಲ್ಲ.

ನನಗೆ ಕಲಿಸಿದ್ದು ಮಾಸ್ತರರ ಸೊಸೆ. ಕಾರವಾರದ ಕಡೆಯವರು. ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೀನಿನ ಬಾಯಿ ಬೆರಳಿನಿಂದ ಅಗಲಿಸಿ ತೋರಿಸಿದರು. "ನೋಡಿ ಅಣ್ಣಾ, ಪಾಂಪ್ಲೆಟಿಗೆ ಮನುಷ್ಯರ ಹಲ್ಲು ಇರ್ತದಾ?"

ನಿಜಕ್ಕೂ ಮನುಷ್ಯರ ಹಲ್ಲೇ. ರೂಪಚಂದ ಅಂತ ನಾವು ಕರೆಯುವ ಮೀನು ದಕ್ಷಿಣ ಅಮೆರಿಕದ ಪಾಕು. ಅಮೆಜಾನ್ ಕಡೆಯ ನದಿಗಳಲ್ಲಿ ನೀರಿಗೆ ಬಿದ್ದ ಹಣ್ಣು, ಬೀಜ ಒಡೆದು ತಿನ್ನುವ ಮೀನು, ಅದಕ್ಕೇ ದವಡೆ ಹಲ್ಲಿನಂಥ ಚೌಕ ಹಲ್ಲು. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಮುಳ್ಳಿಲ್ಲದ, ಕಿರುಬೆರಳ ತುದಿಯಷ್ಟಿರುವ ಒಂದು ಮಾಂಸದ ಕುಡಿ ಇರುತ್ತದೆ. ಹೊಟ್ಟೆಯ ಕೆಳಗೆ ಒಂದು ಜೊತೆ ರೆಕ್ಕೆ ಇರುತ್ತದೆ. ಎಳೆಯದಾಗಿದ್ದಾಗ ಎದೆ, ಹೊಟ್ಟೆ ಕೆಂಪು. ದೊಡ್ಡದಾದಂತೆ ಕೆಂಪು ಮಾಸುತ್ತದೆ, ಮೋಸ ನಡೆಯುವುದು ಆವಾಗಲೇ.

ಖರೆ ಪಾಪ್ಲೆಟ್, ಅಂದರೆ ಮಂಗಳೂರು ಕಡೆಯವರು ಮಾಂಜಿ ಅನ್ನುವ ಬಿಳಿ ಮೀನು, ಸಮುದ್ರದ್ದು. ಅದರ ಬಾಯಿ ಸಣ್ಣ, ಹಲ್ಲು ಕಣ್ಣಿಗೆ ಬೀಳುವುದೇ ಇಲ್ಲ. ಬೆನ್ನ ಮೇಲಿನ ಮಾಂಸದ ಕುಡಿ ಇಲ್ಲ. ಬೆಳೆದ ಮೀನಿಗೆ ಹೊಟ್ಟೆಯ ಕೆಳಗಿನ ಜೊತೆ ರೆಕ್ಕೆಯೂ ಇಲ್ಲ. ಬಾಲ ಆಳವಾಗಿ ಕವಲೊಡೆದಿರುತ್ತದೆ, ಕೆಳಗಿನ ಕವಲು ಉದ್ದ. ಪೊರೆ ಎಷ್ಟು ಸಣ್ಣದೆಂದರೆ ಕೈಯಾಡಿಸಿದರೆ ಬೆಳ್ಳಿ ಪುಡಿಯ ಹಾಗೆ ಅಂಟಿಕೊಳ್ಳುತ್ತದೆ. ಕರಿ ಪಾಪ್ಲೆಟ್ ಅಥವಾ ಹಲ್ವಾ ಅನ್ನೋದು ಇದರ ಅಣ್ಣತಮ್ಮನೂ ಅಲ್ಲ, ಪಾರೆ ಮೀನಿನ ಕುಲದ್ದು. ಬಾಲದ ಬುಡದ ಎರಡೂ ಪಕ್ಕ ಬೆರಳು ಎಳೆದರೆ ಗರಗಸದ ಹಾಗೆ ಗಟ್ಟಿ ಪೊರೆಯ ಸಾಲು ತಾಗುತ್ತದೆ. ಹಲ್ಲು, ಬೆನ್ನ ಕುಡಿ, ಹೊಟ್ಟೆ ರೆಕ್ಕೆ, ಬಾಲದ ಬುಡ: ಈ ನಾಲ್ಕು ಕಡೆ ಕಣ್ಣು, ಬೆರಳು ಹೋದರೆ ಸಾಕು, ಅರ್ಧ ನಿಮಿಷದ ಕೆಲಸ. ತಲೆ, ರೆಕ್ಕೆ ಎಲ್ಲ ಕತ್ತರಿಸಿ ತುಂಡು ಮಾಡಿಟ್ಟ ಮೇಲೆ ಹೇಳುವುದು ಕಷ್ಟ. ಇಡೀ ಮೀನು ತೋರಿಸದೆ 'ಪಾಪ್ಲೆಟ್ ತುಂಡು' ಮಾರುವವರ ಹತ್ತಿರ ತಗೊಳ್ಳಬೇಡಿ.

ಇನ್ನೊಂದು ಗೊಂದಲ ಇದಕ್ಕೆ ಉಲ್ಟಾ. ನದಿಯಲ್ಲೋ ಕೆರೆಯಲ್ಲೋ ರೂಪಚಂದ ಬಲೆಗೆ ಬಿದ್ದರೆ 'ಪಿರಾನ್ಹಾ ಸಿಕ್ಕಿತು, ಮನುಷ್ಯರನ್ನು ತಿನ್ನುತ್ತದೆ' ಅಂತ ಮೊಬೈಲಿನಲ್ಲಿ ಸುದ್ದಿ ಹರಿದಾಡುತ್ತದೆ. ಪಿರಾನ್ಹಾದ ಹಲ್ಲು ತ್ರಿಕೋನ, ಬ್ಲೇಡಿನ ಹಾಗೆ ಚೂಪು, ಕೆಳದವಡೆ ಮುಂದೆ ಚಾಚಿರುತ್ತದೆ. ಚೌಕ ಹಲ್ಲು ಕಂಡರೆ ಅದು ರೂಪಚಂದ. ಆದರೂ ಹಿಡಿಯುವಾಗ ಬಾಯೊಳಗೆ ಬೆರಳು ಹಾಕಬೇಡಿ. ಕಾಯಿ ಒಡೆಯುವ ದವಡೆ ಅದು, ನಾನು ಒಮ್ಮೆ ಅನುಭವಿಸಿದ್ದೇನೆ.

ನಿಜವಾದ ಚಪ್ಪಟೆ ಮೀನು ಯಾವುದು?

ಸೊಸೆಯವರು ನಗುತ್ತಲೇ ಹೇಳಿದ ಇನ್ನೊಂದು ಮಾತು: "ನೀವು ಚಪ್ಟೆ ಅಂತೀರಲ್ಲ, ಅದು ಚಪ್ಟೆ ಅಲ್ವೇ ಅಲ್ಲ." ಪಾಪ್ಲೆಟ್ಟೂ ರೂಪಚಂದವೂ ಅಗಲ ಮೀನು, ನಿಂತೇ ಈಜುತ್ತವೆ, ಕಣ್ಣು ಆ ಕಡೆ ಒಂದು ಈ ಕಡೆ ಒಂದು. ನಿಜವಾದ ಚಪ್ಪಟೆ ಮೀನು ಸಮುದ್ರದ ತಳದಲ್ಲಿ ಮಗ್ಗುಲಾಗಿ ಮಲಗಿರುತ್ತದೆ, ಎರಡೂ ಕಣ್ಣು ಒಂದೇ ಮೈ ಮೇಲೆ. ಮರಿಯಾಗಿದ್ದಾಗ ಎಲ್ಲ ಮೀನಿನಂತೆಯೇ ಇದ್ದು, ಬೆಳೆಯುತ್ತ ಒಂದು ಕಣ್ಣು ತಲೆ ಸುತ್ತಿ ಆಚೆ ಬದಿಗೆ ಹೋಗುತ್ತದಂತೆ. ಕರಾವಳಿಯ ನಂಗು, ಕೊಂಕಣಿಯವರ ಲೆಪ್, ಈ ಜಾತಿಯದು. ಬೆಳಗಾವಿ ಮೀನು ಮಾರುಕಟ್ಟೆಗೆ ಗೋವಾ, ಕಾರವಾರದ ಮೀನು ಬರುವುದರಿಂದ ಲೆಪ್ ನಮ್ಮ ಕಡೆಗೂ ಅಪರೂಪಕ್ಕೆ ಬರುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದರ ಸುಗ್ಗಿ.

ಇದರಲ್ಲೂ ಒಂದರಂತೆ ಒಂದು ಕಾಣುವ ಜಾತಿಗಳಿವೆ. ಗುರುತು ಹಿಡಿಯಲು ಮೀನನ್ನು ಕಣ್ಣಿನ ಮೈ ಮೇಲೆ ಮಾಡಿ, ಹೊಟ್ಟೆ ನಿಮ್ಮ ಕಡೆ ಇಟ್ಟುಕೊಳ್ಳಿ. ತಲೆ ಎಡಕ್ಕೆ ಬಂದರೆ ಎಡಗಣ್ಣಿನದು, ಬಲಕ್ಕೆ ಬಂದರೆ ಬಲಗಣ್ಣಿನದು. ನಂಗು ಎಡಗಣ್ಣಿನದು. ನಾಲಿಗೆಯಾಕಾರ, ಬಾಲ ಮೊನಚು, ಬೆನ್ನು, ಬಾಲ, ಹೊಟ್ಟೆಯ ರೆಕ್ಕೆ ಒಂದಕ್ಕೊಂದು ಕೂಡಿ ಜರಿಯಂಚಿನ ಹಾಗೆ ಸುತ್ತಿರುತ್ತದೆ, ಎದೆ ರೆಕ್ಕೆ ಇರುವುದೇ ಇಲ್ಲ. ಅಂಥದ್ದೇ ಉದ್ದನೆಯ ಆಕಾರ ಇದ್ದು ಬಲಗಣ್ಣು ಇದ್ದರೆ ಅದು ಬೇರೆ ಕುಟುಂಬದ ಸೋಲ್. ಪುಸ್ತಕದಲ್ಲಿ ಇಂಡಿಯನ್ ಹ್ಯಾಲಿಬಟ್ ಅನ್ನುವ ದೊಡ್ಡ ಮೀನಿಗೆ ಕಣ್ಣು ಎಡಕ್ಕೂ ಇರಬಹುದು ಬಲಕ್ಕೂ ಇರಬಹುದು. ಅದನ್ನು ಗುರುತಿಸುವುದು ದೊಡ್ಡ ಬಾಯಿ, ಚೂಪು ಹಲ್ಲಿನಿಂದ, ಮತ್ತೆ ಬೆನ್ನ ರೆಕ್ಕೆ ಕಣ್ಣಿಗಿಂತ ಬಹಳ ಹಿಂದೆ ಶುರುವಾಗುವುದರಿಂದ. ಉಳಿದವುಗಳಲ್ಲಿ ರೆಕ್ಕೆ ಕಣ್ಣಿನ ಹತ್ತಿರದಿಂದಲೋ ಇನ್ನೂ ಮುಂದಿನಿಂದಲೋ ಹೊರಡುತ್ತದೆ. ಹೋಟೆಲಿನಲ್ಲಿ 'ಸೋಲ್ ಫಿಲೆ' ಅಂತ ಬೆಳ್ಳನೆಯ ದಪ್ಪ ತುಂಡು ಬಂದರೆ ಸ್ವಲ್ಪ ಅನುಮಾನ ಇರಲಿ. ಅದು ಬಹಳ ಸಲ ಬಾಸಾ, ಅಂದರೆ ಸಾಕಿದ ಪಂಗಾಸ್ ಮೀನು.

ಚಾಕು ಎಲ್ಲಿ ಹಾಕಬೇಕು

ಈ ವ್ಯತ್ಯಾಸ ಕೊಯ್ಯುವಾಗ ಕೆಲಸಕ್ಕೆ ಬರುತ್ತದೆ. ದೊಡ್ಡ ಚಪ್ಪಟೆ ಮೀನನ್ನು ಮಲಗಿಸಿ, ನಡುಗೆರೆಯ ಮೇಲೆ ತಲೆಯಿಂದ ಬಾಲದವರೆಗೆ ಬೆನ್ನುಮೂಳೆ ತಾಗುವಷ್ಟು ಸೀಳಬೇಕು. ಆಮೇಲೆ ಚಾಕು ಅಡ್ಡ ಮಲಗಿಸಿ, ಮೂಳೆಯ ಮೇಲೆ ಜಾರಿಸುತ್ತ ರೆಕ್ಕೆಯ ಅಂಚಿನವರೆಗೆ ಒಂದು ಪಕ್ಕ, ನಂತರ ಇನ್ನೊಂದು ಪಕ್ಕ ಬಿಡಿಸುವುದು. ತಿರುವಿ ಹಾಕಿ ಕೆಳಮೈಗೂ ಹಾಗೇ. ಒಂದು ಮೀನಿಗೆ ನಾಲ್ಕು ತುಂಡು. ನಂಗು ಗೇಣುದ್ದದ ಮೀನು, ಅದಕ್ಕೆ ಇಷ್ಟೆಲ್ಲ ಬೇಡ. ತಲೆಯ ಹತ್ತಿರ ಒಂದು ಗೀರು ಹಾಕಿ, ಉಪ್ಪು ಮುಟ್ಟಿದ ಬೆರಳಿನಲ್ಲಿ ಚರ್ಮ ಹಿಡಿದು ಬಾಲದ ಕಡೆ ಎಳೆದರೆ ಸಿಪ್ಪೆಯ ಹಾಗೆ ಬಿಚ್ಚಿ ಬರುತ್ತದೆ. ರವೆ ಹಚ್ಚಿ ಇಡಿಯಾಗಿ ಹುರಿಯುತ್ತಾರೆ.

ನಮ್ಮ ರೂಪಚಂದಕ್ಕೆ ಪಕ್ಕಕ್ಕೆ ಒಂದರಂತೆ ಎರಡೇ ತುಂಡು. ಮೊದಲು ಪೊರೆ ಕೆರೆಯಿರಿ, ಹೊಟ್ಟೆ ಸೀಳಿ ಕರುಳು ತೆಗೆಯಿರಿ. ಸೊಪ್ಪು, ಹಣ್ಣು ತಿಂದ ಮೀನಿನ ಕರುಳು ಉದ್ದ ಇರುತ್ತದೆ, ಒಡೆದರೆ ಮಾಂಸಕ್ಕೆ ವಾಸನೆ ಹತ್ತುತ್ತದೆ, ಹುಷಾರು. ಕಿವಿರಿನ ಮುಚ್ಚಳ ಮತ್ತು ಎದೆ ರೆಕ್ಕೆಯ ಹಿಂದೆ ಓರೆಯಾಗಿ, ಬೆನ್ನುಮೂಳೆ ಮುಟ್ಟುವವರೆಗೆ ಒಂದು ಕೊಯ್ತ. ನಂತರ ಬೆನ್ನ ರೆಕ್ಕೆಯ ಪಕ್ಕದಿಂದ ಚಾಕು ಇಳಿಸಿ, ಮೂಳೆಗೆ ಒತ್ತಿ ಹಿಡಿದು ತಲೆಯಿಂದ ಬಾಲಕ್ಕೆ ಎಳೆಯಿರಿ. ಚಾಕು ಮೂಳೆಯ ಮೇಲೆ ಟರ್ ಟರ್ ಅನ್ನುತ್ತಿದ್ದರೆ ದಾರಿ ಸರಿ ಇದೆ ಅಂತ ಅರ್ಥ. ಸದ್ದು ನಿಂತರೆ ಮಾಂಸ ಮೂಳೆಗೇ ಉಳಿಯುತ್ತಿದೆ. ಪಕ್ಕೆಲುಬು ಬಂದಾಗ ಹೊಸಬರು ಕಷ್ಟಪಡುತ್ತಾರೆ, ರೂಪಚಂದದ ಪಕ್ಕೆ ದಪ್ಪ. ಮಾಂಸ ಬಿಡಿಸುವ ಗುದ್ದಾಟ ಬಿಟ್ಟು ಪಕ್ಕೆಯ ಭಾಗವನ್ನು ಇಡಿಯಾಗಿ ಕತ್ತರಿಸಿಡಿ. ಬ್ರೆಜಿಲ್‌ನಲ್ಲಿ ಈ ಕುಲದ ಮೀನಿನ ಪಕ್ಕೆಲುಬನ್ನೇ ಸುಟ್ಟು ತಿನ್ನುವ ರೂಢಿ ಇದೆ. ನನ್ನ ಹತ್ತಿರ ಬರುವ ಗಿರಾಕಿಗಳಲ್ಲೂ ಮೊದಲು ಖಾಲಿಯಾಗುವುದು ಅದೇ.

ಬೆನ್ನ ಕಡೆಯ ಮಾಂಸದೊಳಗೆ ಕವಲಾದ ಸಣ್ಣ ಮುಳ್ಳು ಇರುತ್ತವೆ. ರೋಹು, ಕಾಟ್ಲಾ, ಗೆಂಡೆಯಲ್ಲೂ ಇವೆ. 'ಹೊಂಡದ ಮೀನಿಗೆ ಮುಳ್ಳು ಬಾಳ' ಅನ್ನುವ ದೂರು ಇದರದ್ದೇ. ಇವನ್ನು ಕಿತ್ತು ತೆಗೆಯಲು ಆಗುವುದಿಲ್ಲ. ತುಂಡನ್ನು ಚರ್ಮ ಕೆಳಗೆ ಮಾಡಿ ಇಟ್ಟು, ಚರ್ಮ ಹರಿಯದಂತೆ, ಜೋಳದ ಕಾಳಿಗಿಂತ ಕಡಿಮೆ ಅಂತರದಲ್ಲಿ ಅಡ್ಡಡ್ಡ ಗೀರು ಹಾಕಿ. ಮುಳ್ಳು ತುಂಡಾಗಿ, ಕಾದ ಎಣ್ಣೆಯಲ್ಲಿ ಗರಿಗರಿಯಾಗಿ ಬಾಯಿಗೆ ತಿಳಿಯುವುದೇ ಇಲ್ಲ. ಹೀಗೆ ಗೀರು ಹಾಕಿ ಕೊಡಲು ಶುರು ಮಾಡಿದ ಮೇಲೆ 'ಮಕ್ಕಳಿಗೆ ಕೊಡಬಹುದೇನ್ರಿ?' ಅನ್ನುವ ಪ್ರಶ್ನೆ ನಿಂತಿತು. ಪಾಪ್ಲೆಟ್ ಹೆಸರು ಮಾಡುತ್ತಿದ್ದ ಕೆಲಸವನ್ನು ಚಾಕು ಮಾಡಿತು.

ಹಿಡಿಯುವ ಹಿಂದಿನ ದಿನ ಮೇವು ನಿಲ್ಲಿಸಿ, ಸಾಧ್ಯವಿದ್ದರೆ ಮೀನನ್ನು ತಿಳಿ ನೀರಿನ ತೊಟ್ಟಿಯಲ್ಲಿ ಬಿಡಿ. ಮಣ್ಣಿನ ವಾಸನೆ ಕಡಿಮೆಯಾಗುತ್ತದೆ, ಕರುಳೂ ಖಾಲಿಯಾಗುತ್ತದೆ. ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸ್ ಬೇಕು. ಐಸಿಗೆ ಜುಗ್ಗತನ ಮಾಡಿದವನು ಹೊಂಡಕ್ಕೆ ಹಾಕಿದ ರೊಕ್ಕ ಕಳೆದುಕೊಳ್ಳುತ್ತಾನೆ.

ಒಂದು ಕಿಲೋ ಮೀನು ಕೊಯ್ದರೆ ಸ್ವಚ್ಛ ತುಂಡು ಅರ್ಧ ಕಿಲೋನೂ ಬರುವುದಿಲ್ಲ. ಉಳಿದ ತಲೆ, ಮೂಳೆ, ಕರುಳು ಎಸೆಯಬೇಡಿ, ನಾಯಿ ಕೂಡುತ್ತವೆ, ನೆರೆಯವರ ಬೈಗುಳ ಬೇರೆ. ಅಷ್ಟೇ ತೂಕದ ಬೆಲ್ಲ ಕಲಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ನೆರಳಿಗೆ ಮೂರು ವಾರ ಇಟ್ಟರೆ ಮೀನಿನ ಅಮೈನೋ ಆಮ್ಲ ಸಿದ್ಧ. ನಡುನಡುವೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಸೋಸಿ, ಲೀಟರ್ ನೀರಿಗೆ 5 ಮಿ.ಲೀ. ಹಾಕಿ ಮೆಣಸಿನಗಿಡ, ಬದನೆಗೆ ಸಿಂಪಡಿಸುತ್ತೇನೆ. ಸಂಜೆ ಹೊಡೆಯಿರಿ. ನಮ್ಮ ಅವ್ವ ಮೀನಿನ ವ್ಯವಹಾರದಲ್ಲಿ ಒಪ್ಪಿಕೊಂಡಿರುವುದು ಇದೊಂದನ್ನೇ.

ಈಗ ವ್ಯಾಪಾರಿಯ ಮಾತಿಗೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಸಮುದ್ರದ ಮೀನು ಕಡಿಮೆ, ದರ ಏರಿಕೆ. ಹೊಂಡದವರಿಗೆ ಒಳ್ಳೆಯ ಬೆಲೆ ಸಿಗುವ ಕಾಲ, ಸುಳ್ಳು ಹೆಸರಿಗೂ ಒಳ್ಳೆಯ ಕಾಲ. ನನ್ನ ಮೀನು ಸಂತೆಯಲ್ಲಿ ನನಗೆ ಸಿಕ್ಕಿದ್ದರ ಮೂರು ಪಟ್ಟು ದರಕ್ಕೆ ಹೋಗಿತ್ತು. ಅದರಲ್ಲಿ ಹೆಚ್ಚುವರಿ ಒಂದು ರೂಪಾಯಿಯೂ ನನಗೆ ಬರಲಿಲ್ಲ, ಕೆಟ್ಟ ಹೆಸರು ಮಾತ್ರ ಪೂರ್ತಿ ಬಂತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಒಂದು ಆಹಾರವನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದು ಅಪರಾಧ, ದಂಡ ಮೂರು ಲಕ್ಷದವರೆಗೆ ಇದೆ. ಕಾಯ್ದೆಯ ಅಂಜಿಕೆಗಿಂತ ಮಾಸ್ತರರ ಪ್ರಶ್ನೆ ನನಗೆ ದೊಡ್ಡದು. ಸಾವಯವ ಬೆಳೆಗಾರನ ಹತ್ತಿರ ಮಾರುವುದಕ್ಕೆ ಇರುವುದು ಮಾತೊಂದೇ. ಅರಿಷಿಣದಲ್ಲಿ ಏನು ಹಾಕಿಲ್ಲ ಅನ್ನುವುದನ್ನು ಗಿರಾಕಿ ಕಣ್ಣಿಂದ ನೋಡಲಾರ, ನಾಲಿಗೆಯಿಂದ ತಿಳಿಯಲಾರ, ನನ್ನನ್ನು ನಂಬಬೇಕಷ್ಟೇ.

ಕೆಲವರು ಹೇಳುತ್ತಾರೆ, 'ಊರೆಲ್ಲ ಹಂಗೇ ಕರೀತದ, ಹೆಸರಿನಾಗ ಏನೈತಿ?' ಹೌದು, 'ಸಿಹಿನೀರಿನ ಪಾಪ್ಲೆಟ್' ಅಂತ ಬಹಳ ಕಡೆ ಕರೆಯುತ್ತಾರೆ. ಆದರೆ ಸಂತೆಯಲ್ಲಿ ಕೂಗುವಾಗ 'ಸಿಹಿನೀರಿನ' ಅನ್ನುವುದು ಮೊದಲು ಬಿದ್ದು ಹೋಗುತ್ತದೆ. ಅದಕ್ಕೆ ನನ್ನ ವಾದ ಇಷ್ಟೇ, ಅರ್ಧ ಹೆಸರೂ ಬೇಡ. ರೂಪಚಂದ ಕೆಟ್ಟ ಮೀನಲ್ಲ. ಪ್ಲಾಸ್ಟಿಕ್ ಹಾಳೆಯ ಹೊಂಡದಲ್ಲಿ ಕೆಸರೇ ಇಲ್ಲದ ಕಾರಣ ತಳದಲ್ಲಿ ಮೇಯುವ ಮೃಗಾಲ್ ಸೊರಗುತ್ತದೆ. ರೂಪಚಂದ ಉದುರಿದ ಪೇರಲ, ಪಪ್ಪಾಯಿ, ಅಜೋಲ್ಲಾ ಎಲ್ಲ ತಿಂದು ಬೆಳೆಯುತ್ತದೆ. ಚಳಿಗೆ ಮಾತ್ರ ತಡೆಯುವುದಿಲ್ಲ, ಡಿಸೆಂಬರ್, ಜನವರಿಯಲ್ಲಿ ಮೇವು ಮುಟ್ಟುವುದು ಕಡಿಮೆ, ಆವಾಗ ಸುರಿದರೆ ನೀರು ಕೆಡುತ್ತದೆ.

ಹೆಸರು ತಿಳಿಯುವ ಕೆಲಸ ಮರಿ ತರುವಾಗಲೇ ಶುರುವಾಗಬೇಕು. ಪಾಕೀಟಿನಲ್ಲಿ 'ಮಿಕ್ಸ್' ಅಂತ ಕೊಟ್ಟರೆ ತಗೊಳ್ಳಬೇಡಿ. ಒಂದು ಬಿಳಿ ತಟ್ಟೆಗೆ ಹತ್ತು ಮರಿ ಹಾಕಿ ನೋಡಿ. ತಲೆ ದೊಡ್ಡದು, ಬಾಯಿ ಮೇಲ್ಮುಖ ಇದ್ದರೆ ಕಾಟ್ಲಾ. ಬಾಯಿ ಕೆಳಗೆ ಬಾಗಿ ತುಟಿಗೆ ಜಾಲರಿ ಇದ್ದಂತಿದ್ದರೆ ರೋಹು. ಮೈ ಸಪೂರ, ಬಾಲದ ಬುಡದಲ್ಲಿ ವಜ್ರದಾಕಾರದ ಕರಿಮಚ್ಚೆ ಇದ್ದರೆ ಮೃಗಾಲ್. ಎರಡು ಜೊತೆ ಮೀಸೆ, ಉದ್ದನೆಯ ಬೆನ್ನ ರೆಕ್ಕೆ ಇದ್ದರೆ ಸಾಮಾನ್ಯ ಗೆಂಡೆ, ಅದು ಮಣ್ಣಿನ ಒಡ್ಡು ಕೆದಕುತ್ತದೆ. ನಾಲ್ಕು ಜೊತೆ ಮೀಸೆಯ, ಪೊರೆಯಿಲ್ಲದ ಮರಿ ಕಂಡರೆ ಅಲ್ಲೇ ನಿಲ್ಲಿ. ಅದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು, ಅದನ್ನು ಸಾಕುವುದು ನಿಷೇಧ.

ಈ ಎಚ್ಚರಿಕೆ ಹೊಂಡದ ಮಾಲೀಕನ ಲಾಭಕ್ಕಷ್ಟೇ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ತುಂಬಿ ಬಂದಾಗ ಮುನವಳ್ಳಿ, ರಾಮದುರ್ಗದಲ್ಲಿ ನೀರು ಎಲ್ಲೆಲ್ಲಿ ಹೊಕ್ಕಿತ್ತು ಅನ್ನುವುದು ಯಾರೂ ಮರೆತಿಲ್ಲ. ಹಳ್ಳದ ದಂಡೆಯ ಹೊಂಡ ತುಂಬಿ ಹರಿದರೆ ಅದರ ಮೀನು ಹೊಳೆಗೆ ಹೋಗುತ್ತದೆ. ನವಿಲುತೀರ್ಥದ ಹಿನ್ನೀರಿನಲ್ಲಿ ಬಲೆ ಹಾಕಿ ಬದುಕುವ ಮನೆಗಳಿವೆ. ನಮ್ಮ ಹೊಂಡದ ಪರದೇಶಿ ಮೀನು ಅವರ ನೀರಿಗೆ ಸೇರುವುದು ನ್ಯಾಯವಲ್ಲ. ಹಳ್ಳಕ್ಕೆ ಹತ್ತಿರದ ಹೊಂಡದಲ್ಲಿ ರೂಪಚಂದ ಬಿಡಲೇಬೇಡಿ, ಕಾಟ್ಲಾ, ರೋಹು ಸಾಕು. ಉಳಿದವರು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಒಡ್ಡಿನ ಸುತ್ತ ಎರಡು ಅಡಿ ಬಲೆಯ ಬೇಲಿ ಹಾಕಿ. ಮಳೆಯ ಮೊದಲು ಮೀನು ಪೂರ್ತಿ ಹಿಡಿದು ಮುಗಿಸುವುದು ಇನ್ನೂ ಒಳ್ಳೆಯದು.

ಈ ವರ್ಷ ವ್ಯಾಪಾರಿಗೆ ಹೇಳಿದೆ, ಹೆಸರು ಬದಲಿಸುವುದಾದರೆ ಮೀನು ಇಲ್ಲ. ಅವನು ಬರಲಿಲ್ಲ. ಹೊಲದ ಗೇಟಿಗೆ ಒಂದು ಹಲಗೆ ಹಾಕಿದ್ದೇನೆ: 'ರೂಪಚಂದ. ಹೊಂಡದ ಮೀನು, ಸಮುದ್ರದ್ದಲ್ಲ. ಕೊಯ್ದು, ಗೀರು ಹಾಕಿ ಕೊಡಲಾಗುವುದು.' ಮೊದಲ ಎರಡು ವಾರ ಅರ್ಧ ಮೀನು ಉಳಿಯಿತು, ಐಸಿನ ಖರ್ಚು ಮೈಮೇಲೆ ಬಂತು. ಮೂರನೇ ವಾರದಿಂದ ಕಿತ್ತೂರು ಕಡೆಯಿಂದಲೂ ನಾಲ್ಕು ಜನ ಬರತೊಡಗಿದರು. ದರ ವ್ಯಾಪಾರಿ ಕೊಡುತ್ತಿದ್ದುದಕ್ಕಿಂತ ಹೆಚ್ಚು, ಪಾಪ್ಲೆಟ್ಟಿಗಿಂತ ಬಹಳ ಕಡಿಮೆ. ಮಾಸ್ತರರ ಸೊಸೆ ತಿಂಗಳಿಗೊಮ್ಮೆ ಬಂದು ಪಕ್ಕೆಲುಬು ಒಯ್ಯುತ್ತಾರೆ, ನನ್ನ ಕೊಯ್ತ ನೋಡಿ "ಇನ್ನೂ ಮಾಂಸ ಮೂಳೆಗೇ ಬಿಡ್ತೀರಿ ಅಣ್ಣಾ" ಅನ್ನುತ್ತಾರೆ. ಮಾಸ್ತರರು ಅರಿಷಿಣ ಮತ್ತೆ ತಗೊಳ್ಳಲು ಶುರು ಮಾಡಿದ್ದಾರೆ. ಹೋದ ಸಲ ಪುಡಿ ಬೇಡ, ಕೊಂಬೇ ಕೊಡ್ರಿ, ಮನ್ಯಾಗ ಬೀಸ್ಕೋತೀವಿ ಅಂದರು.